ಚೌಕಾಬಾರದಲ್ಲಿ ಬಾರಾ ಯಾಕೆ ಬೀಳಲ್ಲ?

ನಾಣ್ಯ, ದಾಳ, ಇಸ್ಪೀಟು. ಹತ್ತನೇ ತರಗತಿಯ ಸಂಭವನೀಯತೆ ಪಾಠ ಈ ಮೂರರ ಸುತ್ತಲೇ ಸುತ್ತುತ್ತದೆ. ಈ ವರ್ಷ ನನ್ನ ಮಗಳ ಸರದಿ. ಉತ್ತರವೇನೋ ಸರಿ ಬರುತ್ತದೆ, ಮುಖದಲ್ಲಿ ಮಾತ್ರ ಒಂದು ಚೂರೂ ಆಸಕ್ತಿ ಇಲ್ಲ. ನಮ್ಮ ಮನೆಯಲ್ಲಿ ಇಸ್ಪೀಟು ಆಡುವವರೇ ಇಲ್ಲ. ಆಟೀನು ಯಾವುದು, ಕಳಾವರ್ ಯಾವುದು ಅಂತ ಮೊದಲು ಅದನ್ನೇ ಹೇಳಿಕೊಡಬೇಕು. ಚೌಕಾಬಾರ ಆದರೆ ಹಾಗಲ್ಲ. ರಜೆ ಬಂತೆಂದರೆ ಅತ್ತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದೇ ಬಿಡುತ್ತಾರೆ. ಮೈಸೂರಿನ ಹಳೇ ಮನೆಗಳಲ್ಲಿ ಇದು ಗೊತ್ತಿಲ್ಲದವರು ಕಡಿಮೆ.

ಗೊತ್ತಿಲ್ಲದವರಿಗೆ: ನಾಲ್ಕು ಕವಡೆ ಹಾಕಬೇಕು. ಎಷ್ಟು ಕವಡೆ ಅಂಗಾತ ಬೀಳುತ್ತವೋ, ಅಂದರೆ ಬಾಯಿ ಮೇಲಾಗಿ, ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು ಮನೆ. ಚೌಕ, ಬಾರಾ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ.

ಪುಸ್ತಕದ ಪ್ರಕಾರ ಲೆಕ್ಕ ಸುಲಭ. ಒಂದೊಂದು ಕವಡೆ ಬೀಳುವುದು ಎರಡು ಥರ, ನಾಲ್ಕು ಕವಡೆಗೆ ಒಟ್ಟು 16 ಥರ. ಅದರಲ್ಲಿ ಒಂದು ಬೀಳುವುದು 4 ಥರ, ಎರಡು ಬೀಳುವುದು 6 ಥರ, ಮೂರು ಬೀಳುವುದು 4 ಥರ. ಚೌಕಕ್ಕೆ ಒಂದೇ ದಾರಿ, ಬಾರಾಕ್ಕೂ ಒಂದೇ. ಹಾಗಾದರೆ ಚೌಕ ಎಷ್ಟು ಸಲ ಬೀಳುತ್ತದೋ ಹೆಚ್ಚುಕಡಿಮೆ ಅಷ್ಟೇ ಸಲ ಬಾರಾನೂ ಬೀಳಬೇಕು ಅಲ್ವಾ? ಆಡಿದವರನ್ನು ಕೇಳಿ ನೋಡಿ. ನಮ್ಮ ಮನೆಯ ಕವಡೆಯಲ್ಲಂತೂ ಚೌಕ ಬೇಕಾದಷ್ಟು, ಬಾರಾ ಬಿದ್ದರೆ ಹಬ್ಬ.

ಮಗಳಿಗೆ ಇದೇ ಸಿಟ್ಟು. "ಇಷ್ಟು ಹೊತ್ತಾಯ್ತು, ಒಂದೂ ಬಾರಾ ಇಲ್ಲ. ಇನ್ನು ಬಿದ್ದೇ ಬೀಳುತ್ತೆ ನೋಡಜ್ಜಿ" ಅಂದಳು.

"ನೀನು ಎಷ್ಟು ಹೊತ್ತಿಂದ ಕಾಯ್ತಿದ್ದೀಯ ಅಂತ ಕವಡೆಗೇನು ಗೊತ್ತು ಪುಟ್ಟಿ?" ಅಂದರು ಅತ್ತೆ. ಪಾಠದ ಒಂದು ಅಧ್ಯಾಯ ಅಲ್ಲಿಗೇ ಮುಗಿಯಿತು.

ಹಾಗಾದರೆ ಬಾರಾ ಯಾಕೆ ಕಡಿಮೆ? ಕವಡೆ ನಾಣ್ಯ ಅಲ್ಲ, ಅದಕ್ಕೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಎರಡೂ ಕಡೆ ಸಮನಾಗಿ ಬೀಳಬೇಕು ಅಂತ ಯಾರೂ ಅದಕ್ಕೆ ಹೇಳಿಲ್ಲ. ಹೇಗೆ ಬೀಳುತ್ತದೆ ಅಂತ ಸುಮ್ನೆ ಕೂತು ಯೋಚಿಸಿದರೆ ಗೊತ್ತಾಗುವುದೂ ಇಲ್ಲ. ಹಾಕಬೇಕು, ಎಣಿಸಬೇಕು. ಮಗಳ ರಫ್ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾ ಕೂತೆವು. ಶುರುವಿನಲ್ಲಿ ಬರೀ ಅಂಗಾತ, ಆಮೇಲೆ ಒಂದಷ್ಟು ಬೋರಲು. ಗೆರೆಗಳು ಪುಟ ತುಂಬುತ್ತಾ ಬಂದಂತೆ ಕುಣಿದಾಟ ಕಡಿಮೆಯಾಗಿ, ಹತ್ತಕ್ಕೆ ಆರು ಅಂಗಾತ ಅನ್ನುವಲ್ಲಿಗೆ ಬಂದು ನಿಂತಿತು.

ಜಾಸ್ತಿ ಹಾಕಿದಷ್ಟೂ ಹೀಗೆ ನಿಲ್ಲುತ್ತದೆ ಅಂತ ಗಣಿತದಲ್ಲಿ ಸಾಧಿಸಿ ತೋರಿಸಿದವನು ಯಾಕೋಬ್ ಬರ್ನೂಲಿ. ಅವನ ಪುಸ್ತಕ ಅಚ್ಚಾಗಿದ್ದು ಅವನು ತೀರಿಕೊಂಡ ಮೇಲೆ, 1713ರಲ್ಲಿ. ಆದರೆ ನಿಲ್ಲುವುದು ಬಹಳ ನಿಧಾನ. ಹತ್ತಕ್ಕೆ ಆರು ಅಂಗಾತ ಬೀಳುವ ಕವಡೆಯನ್ನು 100 ಸಲ ಹಾಕಿದರೆ 50ರಿಂದ 70ರ ಒಳಗೆ ಎಷ್ಟು ಬೇಕಾದರೂ ಬರಬಹುದು. ಅಂದರೆ ನೂರು ಸಲ ಹಾಕಿದ ಮೇಲೂ "ಇದು ನಾಣ್ಯದ ಥರವೇ ಇರಬಹುದು" ಅನ್ನುವ ಅನುಮಾನ ಪೂರ್ತಿ ಹೋಗುವುದಿಲ್ಲ. ಈ ಅಂತರ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಹಾಕಬೇಕು. ಚುನಾವಣೆ ಸಮೀಕ್ಷೆಗಳನ್ನು ನೋಡುವಾಗ ನನಗೆ ಇದೇ ನೆನಪಾಗುತ್ತದೆ. ಹತ್ತಿಪ್ಪತ್ತು ಜನರನ್ನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿ "ಜನಾಭಿಪ್ರಾಯ" ಅನ್ನುವವರ ಮುಂದೆ ಏನು ಹೇಳುವುದು!

ಈಗ ಮಜಾ ಇರುವ ಜಾಗ. ಹತ್ತಕ್ಕೆ ಆರು, ಹತ್ತಕ್ಕೆ ನಾಲ್ಕು. ವ್ಯತ್ಯಾಸ ಅಂಥದ್ದೇನಲ್ಲ ಅನ್ನಿಸುತ್ತದೆ. ಚೌಕಕ್ಕೆ 0.6ನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 0.13. ಬಾರಾಕ್ಕೆ 0.4ನ್ನು ನಾಲ್ಕು ಸಲ ಗುಣಿಸಿದರೆ ಬರೀ 0.026. ನೂರಕ್ಕೆ ಹದಿಮೂರು ಚೌಕ, ಎರಡೋ ಮೂರೋ ಬಾರಾ. ಐದು ಪಟ್ಟು ವ್ಯತ್ಯಾಸ! ಒಂದು ಕವಡೆಯಲ್ಲಿ ಕಣ್ಣಿಗೂ ಕಾಣದ ವಾಲು ನಾಲ್ಕು ಕವಡೆ ಸೇರಿದಾಗ ಇಷ್ಟು ದೊಡ್ಡದಾಗುತ್ತದೆ. ಮಗಳು ಕ್ಯಾಲ್ಕ್ಯುಲೇಟರ್‌ನಲ್ಲಿ ಎರಡು ಸಲ ಒತ್ತಿ ನೋಡಿದಳು.

ಇಂಥ ಎಣಿಕೆಯ ಹುಚ್ಚು ಹೊಸದಲ್ಲ. ಮಹಾಭಾರತದ ನಳನ ಕಥೆಯಲ್ಲಿ ಋತುಪರ್ಣ ರಥದಲ್ಲಿ ಹೋಗುತ್ತಾ ಒಂದು ತಾರೆ ಮರ ನೋಡಿ, ಅದರ ಎರಡು ಕೊಂಬೆಯಲ್ಲಿ 2095 ಹಣ್ಣಿವೆ ಅನ್ನುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿಯೇ ನಂಬುವುದು. ಆಮೇಲೆ ಜೂಜಿನ ಗುಟ್ಟು, ಅಕ್ಷಹೃದಯ, ಅವನಿಂದಲೇ ಕಲಿಯುತ್ತಾನೆ. ಹಿಂದಿನ ಕಾಲದಲ್ಲಿ ಜೂಜಿಗೆ ಬಳಸುತ್ತಿದ್ದುದೂ ತಾರೆಕಾಯಿಯೇ. ಮರ ಎಣಿಸುವವನಿಗೇ ಜೂಜಿನ ಗುಟ್ಟು ಗೊತ್ತಿತ್ತು ಅಂತ ಕಥೆ ಕಟ್ಟಿದವರು ಸಾಮಾನ್ಯರಲ್ಲ ಬಿಡಿ.

ನಮ್ಮತ್ತೆಯೂ ಸಾಮಾನ್ಯರಲ್ಲ. ಎದುರಾಳಿಯ ಕಾಯಿ ಸರಿಯಾಗಿ ನಮ್ಮ ಕಾಯಿ ಇರುವ ಮನೆಗೇ ಬಂದರೆ ನಮ್ಮದು ಹೊಡೆಸಿಕೊಂಡಂತೆ. ಅದಕ್ಕೇ ಎದುರಾಳಿಯ ಕಾಯಿಗೆ ಎರಡು ಅಥವಾ ಮೂರು ಮನೆ ಮುಂದೆ ಅವರು ತಮ್ಮ ಕಾಯಿ ನಿಲ್ಲಿಸುವುದೇ ಇಲ್ಲ. ಬೇರೆ ದಾರಿ ಇಲ್ಲದಿದ್ದರೆ ಒಂದು ಮನೆ ಮುಂದೆ, ಪಕ್ಕಕ್ಕೇ ತಂದಿಡುತ್ತಾರೆ. ಅಷ್ಟು ಹತ್ತಿರ ಯಾಕೆ ಅಂತ ನನಗೆ ಯಾವಾಗಲೂ ಆಶ್ಚರ್ಯ. ಲೆಕ್ಕ ಹಾಕಿದೆವು. ಈ ಕವಡೆಯಲ್ಲಿ ಎರಡು ಬೀಳುವುದು ನೂರಕ್ಕೆ 35, ಮೂರೂ 35, ಒಂದು ಬೀಳುವುದು ಬರೀ 15. ಐದು ಮನೆ ದೂರ ಇನ್ನೂ ಕ್ಷೇಮ. ಅಲ್ಲಿಗೆ ಹೊಡೆಯಬೇಕಾದರೆ ಮೊದಲು ಚೌಕ, ಅದರ ಹಿಂದೆಯೇ ಒಂದು ಬೀಳಬೇಕು. ಅದು ನೂರಕ್ಕೆ ಎರಡು. ಅತ್ತೆಗೆ ಇದನ್ನೆಲ್ಲಾ ತೋರಿಸಿದರೆ, "ಅದೇ ತಾನೇ ನಾನು ಮಾಡೋದು" ಅಂದರು.

ಪೇಟೆಯಿಂದ ತಂದ ಹೊಸ ಕವಡೆ ಒಂದು ಜೊತೆ ಇದೆ, ಬೆನ್ನು ತೇಯ್ದು ಚಪ್ಪಟೆ ಮಾಡಿದ್ದು. ಅದರಲ್ಲಿ ಬಾರಾ ಜಾಸ್ತಿ ಬೀಳಬಹುದು ಅಂತ ಮಗಳ ಊಹೆ. ಅತ್ತೆ ಮಾತ್ರ ಅದನ್ನು ಮುಟ್ಟಲು ಒಪ್ಪುತ್ತಿಲ್ಲ. ಹುಣಸೆ ಬೀಜ ಕಲ್ಲಿಗೆ ಉಜ್ಜಿ ಆಡುವವರು ಯಾರಾದರೂ ಎಣಿಸಿ ನೋಡಿದ್ದರೆ ನನಗೆ ಬರೆದು ತಿಳಿಸಿ.