ವಾಲ್ಸ್ ಬೆನ್ನತ್ತಿದ ಎರಡು ರಾತ್ರಿ

2004ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಅಂದರೆ ಬೋರ್ಡ್ ಮೇಲಿನ ಪ್ರೋಗ್ರಾಮನ್ನು ರೆಕಾರ್ಡ್ ಬುಕ್ಕಿಗೆ ಇಳಿಸೋದು, ಅಷ್ಟೇ ಅಂದುಕೊಂಡಿದ್ದೆ. ಒಂದಿನ ಹಾಸ್ಟೆಲಿನ ಸೀನಿಯರ್ ಒಬ್ಬರು ಸಿಡಿ ಕೊಟ್ಟು, "ಇದರಲ್ಲಿ ರೋಬೋಕೋಡ್ ಇದೆ, ಆಡಿ ನೋಡೋ" ಅಂದರು.

ಮ್ಯಾಥ್ಯೂ ನೆಲ್ಸನ್ ಬರೆದ, ಟ್ಯಾಂಕ್‌ಗಳು ಕಾದಾಡುವ ಕಂಪ್ಯೂಟರ್ ಆಟ ಅದು. 2001ರಲ್ಲಿ ಐಬಿಎಂ ಮೂಲಕ ಹೊರಬಂದಿತ್ತು. ಆಡುವಾಗ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಟ್ಯಾಂಕ್ ಏನೇನು ಮಾಡಬೇಕು ಅಂತ ಮೊದಲೇ ಜಾವಾದಲ್ಲಿ ಬರೆದು, ಕಣಕ್ಕೆ ಬಿಟ್ಟು, ಸುಮ್ನೆ ನೋಡ್ತಾ ಕೂರಬೇಕು.

ಆಟದ ಜೊತೆಗೇ ಬರುವ ಮಾದರಿ ಟ್ಯಾಂಕ್‌ಗಳಲ್ಲಿ ಒಂದರ ಹೆಸರು ವಾಲ್ಸ್. ಗೋಡೆ ಹಿಡಿದು ಸುತ್ತುತ್ತಲೇ ಇರುತ್ತೆ. ನಾನು ಅದು ಕಂಡಲ್ಲಿಗೇ ಹೊಡೆಯುತ್ತಿದ್ದೆ. ಗುಂಡು ತಲುಪುವಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು. ಲಗೋರಿಯಲ್ಲಿ ಓಡುವವನಿಗೆ ಚೆಂಡನ್ನು ಸ್ವಲ್ಪ ಮುಂದಕ್ಕೇ ಎಸೀತೀವಿ ಅಲ್ವಾ? ಅದೇ ಲೆಕ್ಕ. ಟ್ಯಾಂಕಿನ ವೇಗ ಹೆಚ್ಚೆಂದರೆ 8. ಗುಂಡಿನ ಶಕ್ತಿ ಜಾಸ್ತಿಯಾದಷ್ಟೂ ಅದು ನಿಧಾನ, ಶಕ್ತಿ 3 ಇದ್ದರೆ ವೇಗ 11. ಅಡ್ಡಕ್ಕೆ ಓಡುವ ಟ್ಯಾಂಕಿಗಾದರೆ 8ನ್ನು 11ರಿಂದ ಭಾಗಿಸಿ ಸೈನ್ ಇನ್ವರ್ಸ್ ತೆಗೆಯಬೇಕು. ಸುಮಾರು 47 ಡಿಗ್ರಿ ಮುಂದಕ್ಕೆ ಗುರಿ. ಪಿಯುಸಿಯಲ್ಲಿ ಉರು ಹೊಡೆದ ಸೈನ್ ಇಂಥ ಕೆಲಸಕ್ಕೂ ಬರುತ್ತಾ ಅಂತ ಮೈ ಜುಂ ಅಂದಿತು.

ಆದರೂ ಗುಂಡು ತಾಗಲಿಲ್ಲ. ಎರಡು ರಾತ್ರಿ ಒದ್ದಾಡಿದೆ. ಕೊನೆಗೆ ಆ ಕೋನವನ್ನೇ ಪ್ರಿಂಟ್ ಮಾಡಿಸಿ ನೋಡಿದರೆ 0.81! ಜಾವಾ ಉತ್ತರ ಕೊಡುತ್ತಿದ್ದದ್ದು ರೇಡಿಯನ್ನಲ್ಲಿ, ಅಂದರೆ ಕೋನ ಅಳೆಯುವ ಇನ್ನೊಂದು ಮಾನದಲ್ಲಿ. ಗನ್ ಅದನ್ನು ಡಿಗ್ರಿ ಅಂತ ತಗೊಂಡು, ಒಂದು ಡಿಗ್ರಿಯೂ ತಿರುಗದೆ ಹೊಡೆಯುತ್ತಿತ್ತು. ರೇಡಿಯನ್ನನ್ನು ಡಿಗ್ರಿಗೆ ಬದಲಿಸುವ 'ಟುಡಿಗ್ರೀಸ್' ಅಂತ ಒಂದು ಪದ ಸೇರಿಸಿದೆ. ಮುಂದಿನ ಸುತ್ತಿನಲ್ಲಿ ವಾಲ್ಸ್ ಗೋಡೆ ಪಕ್ಕದಲ್ಲೇ ಸಿಡಿಯಿತು. ಬೆಳಗಿನ ಜಾವ ಮೂರು ಗಂಟೆ. ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ.

ಈಗ ಬೆಂಗಳೂರಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಲೆಕ್ಕ ತಪ್ಪಿದರೆ ಇವತ್ತಿಗೂ ಮೊದಲು ಮಾಡೋದು ಅದನ್ನೇ, ನಡುವಿನ ಸಂಖ್ಯೆಯನ್ನು ಪ್ರಿಂಟ್ ಮಾಡಿ ಕಣ್ಣಾರೆ ನೋಡೋದು.

ಮೊನ್ನೆ ದಸರಾ ರಜಕ್ಕೆ ಅಣ್ಣನ ಮಗಳು ಬಂದಿದ್ದಳು. ಅವಳಿಗೂ ರೋಬೋಕೋಡ್ ಹಾಕಿಕೊಟ್ಟು, ವಾಲ್ಸ್‌ಗೆ ಗುರಿ ಇಡೋದು ಹೇಳಿಕೊಟ್ಟೆ. ಸ್ವಲ್ಪ ಹೊತ್ತು ನೋಡಿ, "ಚಿಕ್ಕಪ್ಪಾ, ಅದು ಮೂಲೆಯಲ್ಲಿ ತಿರುಗಿಬಿಟ್ಟರೆ ಗುಂಡು ಗೋಡೆಗೆ ಹೋಗುತ್ತಲ್ಲ?" ಅಂದಳು. ಹೌದು, ಅಲ್ಲಿ ತಪ್ಪುತ್ತೆ. ಒಳಗಿಂದ ಊಟಕ್ಕೆ ಕರೆಯುತ್ತಲೇ ಇದ್ದರು, ನಾವಿಬ್ಬರೂ ಮೂಲೆಯ ಲೆಕ್ಕ ಹಾಕುತ್ತಾ ಕೂತಿದ್ದೆವು.