ಸದ್ದೇ ಇಲ್ಲದ್ದು ಅದೆಂಥ ಸ್ಪೋರ್ಟ್ಸ್ ಕಾರು?

ಕಾರಿನ ಹುಚ್ಚ ಅಂತ ಒಮ್ಮೆ ಹೆಸರು ಬಿದ್ದರೆ ಮದುವೆ ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡುವುದೂ ಕಷ್ಟ. ಪಕ್ಕದ ಎಲೆಯಿಂದ ಪ್ರಶ್ನೆ ಬಂದೇ ಬರುತ್ತದೆ. ಎರಡು ಮೂರು ವರ್ಷದಿಂದ ಬರುತ್ತಿರುವುದು ಒಂದೇ ಪ್ರಶ್ನೆ. ಹುಡುಗರು ಅದನ್ನು ಹೀಗೆ ಕೇಳುತ್ತಾರೆ: "ಅಣ್ಣಾ, ಸದ್ದೇ ಇಲ್ಲ ಅಂದ್ಮೇಲೆ ಅದೆಂಥ ಸ್ಪೋರ್ಟ್ಸ್ ಕಾರು?" ವಯಸ್ಸಾದವರು ಹೀಗೆ: "ಅಷ್ಟೊಂದು ದುಡ್ಡು ಸುರಿದು ಕರೆಂಟ್ ಕಾರು ತಂದು, ನಮ್ಮ ರಸ್ತೇಲಿ ಏನಪ್ಪಾ ಮಾಡೋದು?" ಕೇಳುವ ರೀತಿ ಬೇರೆ, ಉತ್ತರ ಒಂದೇ. ಎಲೆ ಮುಂದೆ ಕೂತು ಅದನ್ನೆಲ್ಲ ಹೇಳುತ್ತಾ ಹೋದರೆ ಸಾರು ತಣ್ಣಗಾಗುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಬ್ಯಾಟರಿ ಸ್ಪೋರ್ಟ್ಸ್ ಕಾರು ಸೋಮವಾರಕ್ಕೆ, ಅಂದರೆ ಆಫೀಸಿನ ಓಡಾಟಕ್ಕೆ, ಬಹಳ ಒಳ್ಳೆಯದು. ಭಾನುವಾರದ ಮೋಜಿನ ಓಟಕ್ಕೆ ಅಷ್ಟಕ್ಕಷ್ಟೆ. ತಮಾಷೆ ಏನೆಂದರೆ, ಸ್ಪೋರ್ಟ್ಸ್ ಕಾರು ಅನ್ನುವುದು ಹುಟ್ಟಿದ್ದೇ ಭಾನುವಾರಕ್ಕಾಗಿ.

ಮೊದಲು ಪಿಕಪ್ ವಿಷಯ ಮುಗಿಸೋಣ. ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಪೆಟ್ರೋಲ್ ಎಂಜಿನ್ ಪೂರ್ತಿ ಶಕ್ತಿ ಕೊಡಬೇಕಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಮೋಟಾರಿಗೆ ಆ ಕಾಯುವ ಕೆಲಸವಿಲ್ಲ, ನಿಂತ ಜಾಗದಿಂದಲೇ ಪೂರ್ತಿ ಎಳೆತ. ಇದು ಹೊಸ ಸುದ್ದಿಯೂ ಅಲ್ಲ. ಗಂಟೆಗೆ 100 ಕಿಲೋಮೀಟರ್ ದಾಟಿದ ಮೊದಲ ಕಾರು ಬ್ಯಾಟರಿಯದೇ. 1899ರಲ್ಲಿ ಬೆಲ್ಜಿಯಂನ ಕಮೀಯ್ ಜೆನಾಟ್ಸಿ ಪ್ಯಾರಿಸ್ ಹತ್ತಿರ ಅದನ್ನು 105.88 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಕಾರಿನ ಹೆಸರು 'ಲಾ ಜಮೇ ಕೊಂತಾಂತ್', ಅಂದರೆ ಎಂದೂ ತೃಪ್ತಿಯಾಗದವಳು. ಹೆಸರಿಟ್ಟವರಿಗೆ ನಮ್ಮಂಥ ಹುಚ್ಚರ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಈಗ ಆಗಿರುವುದೇನೆಂದರೆ, ಆ ಎಳೆತ ಅಗ್ಗವಾಗಿದೆ. ಅಗ್ಗ ಅಂದರೆ ಶ್ರೀಮಂತರ ಲೆಕ್ಕದಲ್ಲಿ ಅಗ್ಗ, ನನ್ನ ಲೆಕ್ಕದಲ್ಲಿ ಅಲ್ಲ. 2015ರಲ್ಲಿ ಬಿಎಂಡಬ್ಲ್ಯು ಐ8 ಎಂಬ ಹೈಬ್ರಿಡ್ (ಪೆಟ್ರೋಲ್ ಎಂಜಿನ್, ಮೋಟಾರು ಎರಡೂ ಇರುವ) ಸ್ಪೋರ್ಟ್ಸ್ ಕಾರು ಭಾರತಕ್ಕೆ ಬಂದಾಗ ಬೆಲೆ 2.29 ಕೋಟಿ. ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 4.4 ಸೆಕೆಂಡ್. ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲು ನೋಡಲು ಜನ ರಸ್ತೆಯಲ್ಲೇ ನಿಂತುಬಿಡುತ್ತಿದ್ದರು. ಹತ್ತು ವರ್ಷ ಬಿಟ್ಟು, 2025ರಲ್ಲಿ ಎಂಜಿ ಸೈಬರ್‌ಸ್ಟರ್ ಬಂತು. ಪೂರ್ತಿ ಬ್ಯಾಟರಿ ಕಾರು, ಬಾಗಿಲು ಅದರದ್ದೂ ಮೇಲಕ್ಕೇ ಏಳುತ್ತದೆ. ಬೆಲೆ ಸುಮಾರು 75 ಲಕ್ಷ, 100ಕ್ಕೆ ಹೋಗಲು 3.2 ಸೆಕೆಂಡ್. ಮೂರನೇ ಒಂದು ಭಾಗ ದುಡ್ಡಿಗೆ ಒಂದು ಸೆಕೆಂಡ್‌ಗಿಂತ ಜಾಸ್ತಿ ಉಳಿತಾಯ!

ಆದರೆ ಒಂದು ಮಾತು ಹೇಳಬೇಕು. ಆ ಎಳೆತ ಮೊದಲ ಸಲ ಕತ್ತನ್ನು ಸೀಟಿಗೆ ಒತ್ತಿ ಹಿಡಿದಾಗ ಕಿರುಚಿಕೊಂಡೆ. ಮೂರನೇ ಸಲ ನಕ್ಕೆ. ಹತ್ತನೇ ಸಲ ಪಕ್ಕದಲ್ಲಿದ್ದವಳು "ಸಾಕು, ಹೊಟ್ಟೆ ತೊಳಸ್ತಿದೆ" ಅಂದಳು. ಲಿಫ್ಟ್‌ನಲ್ಲಿ ಎಷ್ಟು ಸಲ ಮೇಲೆ ಕೆಳಗೆ ಹೋಗುತ್ತೀರಿ? ವೇಗ ಸುಲಭವಾಗಿ ಸಿಕ್ಕರೆ ಅದಕ್ಕೆ ಬೆಲೆ ಕಮ್ಮಿಯಾಗುತ್ತದೆ. ಕ್ರೊಯೇಷಿಯಾದ ರಿಮಾಟ್ಸ್ ಕಂಪನಿ ನೆವೇರಾ ಎಂಬ 1,900ಕ್ಕೂ ಹೆಚ್ಚು ಹಾರ್ಸ್‌ಪವರ್‌ನ ಬ್ಯಾಟರಿ ಕಾರು ಮಾಡಿತು. ಒಟ್ಟು 150 ಮಾತ್ರ ಅಂತ ಮಿತಿ ಹಾಕಿಕೊಂಡಿತ್ತು. 2024ರಲ್ಲಿ ಅದರ ಸ್ಥಾಪಕ ಮಾಟೆ ರಿಮಾಟ್ಸ್ ಅವರೇ, ಇಂಥ ಕಾರು ಕೊಳ್ಳುವ ಶಕ್ತಿ ಇರುವವರಿಗೆ ಬ್ಯಾಟರಿಯ ಮೇಲೆ ಮನಸ್ಸಿಲ್ಲ ಎಂದು ಒಪ್ಪಿಕೊಂಡರು. ಕೈಗಡಿಯಾರದ ಹೋಲಿಕೆ ಕೊಟ್ಟರು. ಸ್ಮಾರ್ಟ್ ವಾಚ್ ಎಲ್ಲ ಕೆಲಸವನ್ನೂ ಮಾಡುತ್ತದೆ, ಆದರೂ ಲಕ್ಷಗಟ್ಟಲೆ ದುಡ್ಡು ಕೊಡುವವರು ಕೊಳ್ಳುವುದು ಕೀಲಿ ಕೊಡುವ ವಾಚನ್ನೇ. ಅದೇ ರಿಮಾಟ್ಸ್ ಮೋಟಾರು, ಬ್ಯಾಟರಿ ಹಾಕಿದ ಇನ್ನೊಂದು ಕಾರು ಪಿನಿನ್‌ಫರೀನಾ ಬತ್ತಿಸ್ತಾ. ಇಟಲಿಯ ಹೆಸರು, ಮಾಲೀಕತ್ವ ನಮ್ಮ ಮಹೀಂದ್ರದ್ದು. ಮನೆ ಮುಂದೆ ಬೊಲೆರೊ ನಿಂತಿರುವವರು ಸ್ವಲ್ಪ ಹೆಮ್ಮೆಪಡಬಹುದು.

ಸೋಮವಾರಕ್ಕೆ ಬರೋಣ. ಹೆಬ್ಬಾಳ ಫ್ಲೈಓವರ್ ಕೆಳಗೆ ಬೆಳಗ್ಗೆ ಒಂಬತ್ತೂವರೆಗೆ ಇಟಲಿಯ ಪೆಟ್ರೋಲ್ ಕಾರೊಂದು ಸಿಕ್ಕಿಹಾಕಿಕೊಂಡಿದ್ದನ್ನು ನೋಡಿದ್ದೇನೆ. ಪಾಪ ಅನಿಸಿತು. ಎಂಜಿನ್ ಬಿಸಿಯಾಗುತ್ತಿದೆ, ಫ್ಯಾನ್ ಬೊಬ್ಬೆ ಹೊಡೆಯುತ್ತಿದೆ, ಒಳಗಿರುವವರ ಮುಖ ನೋಡುವ ಹಾಗಿಲ್ಲ. ಸುತ್ತ ನಿಂತ ಬೈಕಿನವರೆಲ್ಲ ಫೋಟೋ ತೆಗೆಯುತ್ತಿದ್ದಾರೆ. ಅದೇ ಜಾಗದಲ್ಲಿ ಬ್ಯಾಟರಿ ಕಾರು ನಿಂತರೆ ನಿಂತಿತು ಅಷ್ಟೆ. ಏಸಿ ಓಡುತ್ತಿರುತ್ತದೆ, ಹಾಡು ಕೇಳುತ್ತಿರುತ್ತದೆ. ಕ್ಲಚ್ ಸುಡುವ ಭಯವಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಒಂದಿಷ್ಟು ಕರೆಂಟ್ ಬ್ಯಾಟರಿಗೆ ವಾಪಸ್. ಖರ್ಚೂ ನೋಡಿ. ಸೈಬರ್‌ಸ್ಟರ್ ಬ್ಯಾಟರಿ 77 ಯೂನಿಟ್‌ನದು. ಮನೆಯಲ್ಲಿ ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೂ ಪೂರ್ತಿ ತುಂಬಲು 616 ರೂಪಾಯಿ. ಕಂಪನಿ ಹೇಳುವ 580 ಕಿಲೋಮೀಟರ್ ಪ್ರಯೋಗಾಲಯದ ಲೆಕ್ಕ, ಅದನ್ನು ನಂಬಿ ಹೊರಡಬೇಡಿ. ಆದರೂ ಆರುನೂರು ರೂಪಾಯಿಗೆ ವಾರವಿಡೀ ಆಫೀಸಿಗೆ ಓಡಾಡಬಹುದು. 510 ಹಾರ್ಸ್‌ಪವರ್ ಕಾರಿನಲ್ಲಿ!

ತೆರಿಗೆಯ ಅಂತರವೂ ಸಣ್ಣದಲ್ಲ. 2025ರ ಸೆಪ್ಟೆಂಬರ್‌ನಿಂದ ದೊಡ್ಡ ಪೆಟ್ರೋಲ್ ಕಾರಿಗೂ ದೊಡ್ಡ ಹೈಬ್ರಿಡ್‌ಗೂ ಜಿಎಸ್‌ಟಿ ಶೇ 40. ಬ್ಯಾಟರಿ ಕಾರಿಗೆ ಶೇ 5. ಕರ್ನಾಟಕದಲ್ಲಿ ಮೊದಲು ಬ್ಯಾಟರಿ ಕಾರಿಗೆ ರಸ್ತೆ ತೆರಿಗೆಯೇ ಇರಲಿಲ್ಲ. 2024ರಲ್ಲಿ, 25 ಲಕ್ಷ ಮೀರಿದ ಬ್ಯಾಟರಿ ಕಾರಿಗೆ ಶೇ 10 ಅಂತ ಮಾಡಿದರು. ಶ್ರೀಮಂತರಿಗೆ ಯಾಕೆ ಬಿಟ್ಟಿ ಅಂತ ಸರ್ಕಾರಕ್ಕೆ ಅನಿಸಿರಬೇಕು, ನನಗೂ ಸರಿ ಅನಿಸಿತು.

ಸೋಮವಾರದ ಕಾರಿಗೆ ಒಂದೇ ಷರತ್ತು: ನಿಮ್ಮದೇ ಪಾರ್ಕಿಂಗ್, ಅಲ್ಲೊಂದು ಚಾರ್ಜಿಂಗ್ ಪಾಯಿಂಟ್. ಸ್ವಂತ ಮನೆಯವರಿಗೆ ಇದು ಒಂದು ದಿನದ ಕೆಲಸ. ಅಪಾರ್ಟ್‌ಮೆಂಟ್‌ನವರಿಗೆ ಅಸೋಸಿಯೇಷನ್ ಮೀಟಿಂಗ್. ಬೇಸ್‌ಮೆಂಟ್‌ನಲ್ಲಿ ಒಂದು ಕೇಬಲ್ ಎಳೆಯಲು ನಮ್ಮ ಪರಿಚಯದವರೊಬ್ಬರು ಮೂರು ಮೀಟಿಂಗ್ ಕೂತರು. "ಬೆಂಕಿ ಬಿದ್ದರೆ ಯಾರು ಹೊಣೆ?" ಅಂತ ಕೇಳಿದವರು ತಮ್ಮ ಮನೆಯ ಗ್ಯಾಸ್ ಸಿಲಿಂಡರ್ ಬಗ್ಗೆ ಏನೂ ಹೇಳಲಿಲ್ಲವಂತೆ.

ಈಗ ಭಾನುವಾರ. ಇಲ್ಲಿ ಮಾತು ಬೇರೆಯಾಗುತ್ತದೆ, ಕಾರಣ ತೂಕ. 2008ರಲ್ಲಿ ಬಂದ ಟೆಸ್ಲಾ ರೋಡ್‌ಸ್ಟರ್ ಅನ್ನು ಬ್ರಿಟನ್ನಿನ ಲೋಟಸ್ ಎಲೀಸ್ ಕಾರಿನ ಆಧಾರದ ಮೇಲೆ ಕಟ್ಟಿದ್ದರು. ಎಲೀಸ್ ಸುಮಾರು 900 ಕೆಜಿ, ಹಗುರ ಅನ್ನುವುದೇ ಅದರ ಧರ್ಮ. ಲ್ಯಾಪ್‌ಟಾಪ್‌ಗೆ ಹಾಕುವಂಥ 6,831 ಸೆಲ್‌ಗಳನ್ನು ಜೋಡಿಸಿ ರೋಡ್‌ಸ್ಟರ್ ಮಾಡಿದಾಗ ತೂಕ ಸುಮಾರು 1,300 ಕೆಜಿಗೆ ಹೋಯಿತು. ಇವತ್ತಿನ ಬ್ಯಾಟರಿ ಕಾರು ಪೋರ್ಷೆ ಟೈಕಾನ್ 2 ಟನ್ ದಾಟುತ್ತದೆ. ಇಂಜಿನಿಯರ್‌ಗಳು ಬುದ್ಧಿವಂತರು. ಬ್ಯಾಟರಿಯನ್ನು ನೆಲಕ್ಕೆ ಹಾಸಿ ತೂಕವನ್ನು ಕೆಳಗಿಟ್ಟು, ಹೇರ್‌ಪಿನ್ ತಿರುವಿನಲ್ಲೂ ಕಾರು ವಾಲದ ಹಾಗೆ ಮಾಡಿದ್ದಾರೆ. ಆದರೆ ತೂಕವನ್ನು ಅಡಗಿಸಬಹುದು, ಕಳೆಯುವುದಕ್ಕೆ ಆಗುವುದಿಲ್ಲ. ತಿರುವಿನ ಮೊದಲು ಬ್ರೇಕ್ ಒತ್ತಿದಾಗ ಬೆನ್ನಿಗೆ ಗೊತ್ತಾಗುತ್ತದೆ. ಟೈರ್ ಬದಲಾಯಿಸುವಾಗ ಜೇಬಿಗೂ ಗೊತ್ತಾಗುತ್ತದೆ.

ಕಳೆದ ಚಳಿಗಾಲದಲ್ಲಿ ಸ್ನೇಹಿತನ ಬ್ಯಾಟರಿ ಸ್ಪೋರ್ಟ್ಸ್ ಕಾರಿನಲ್ಲಿ ಬೆಂಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋದೆವು. ಹೆದ್ದಾರಿಯಲ್ಲಿ ಸ್ವರ್ಗ. ಘಾಟಿ ಇಳಿಯುವಾಗ ಇನ್ನೂ ಮಜಾ. ಬ್ರೇಕ್ ಮುಟ್ಟುವುದೇ ಬೇಡ, ಕಾಲು ಎತ್ತಿದರೆ ಸಾಕು, ಮೋಟಾರೇ ಕಾರನ್ನು ಹಿಡಿದುಕೊಳ್ಳುತ್ತದೆ. ಚಾರ್ಜ್ ಶೇಕಡಾ ಏರುತ್ತಿರುವುದನ್ನು ನೋಡಿ ಸ್ನೇಹಿತ ಮಗುವಿನ ಹಾಗೆ ಕುಣಿದ. ಲೆಕ್ಕ ಹಾಕಿದರೆ, 2.3 ಟನ್ ಕಾರು 800 ಮೀಟರ್ ಎತ್ತರ ಇಳಿದರೆ ಸಿಗಬಹುದಾದದ್ದು 5 ಯೂನಿಟ್. ಗಾಳಿ, ಟೈರ್ ತಿನ್ನುವುದನ್ನು ಕಳೆದು ಮೂರು ಸಿಕ್ಕಿದರೂ ಪುಕ್ಕಟೆ ಹದಿನೈದು ಕಿಲೋಮೀಟರ್.

ಪುಕ್ಕಟೆ ಸಿಕ್ಕಿದ್ದು ಅಷ್ಟೇ. ಕೆಳಗಿಳಿದ ಮೇಲೆ ಒಂದು ಶಾಲೆ ಮುಂದೆ ಬಣ್ಣ ಬಳಿಯದ ಹಂಪ್ ಇತ್ತು. ಕಾರಿನ ಹೊಟ್ಟೆ ಉಜ್ಜಿದ ಸದ್ದು ಕೇಳಿ ಇಬ್ಬರೂ ಉಸಿರು ಬಿಗಿಹಿಡಿದೆವು, ಕೆಳಗಿರುವುದು ಬ್ಯಾಟರಿ ಅಲ್ವಾ. ಏನೂ ಆಗಿರಲಿಲ್ಲ. ಆ್ಯಪ್ ತೋರಿಸಿದ ಚಾರ್ಜರ್ ಹುಡುಕಿ ಹೋದರೆ ಅದು ಕೆಟ್ಟು ನಿಂತಿತ್ತು. ಇನ್ನೊಂದು ಸಿಕ್ಕಿತು, 30 ಕಿಲೋವ್ಯಾಟ್‌ನದು, ಅಂದರೆ ಗಂಟೆಗೆ 30 ಯೂನಿಟ್ ತುಂಬುವಂಥದ್ದು. ಟೈಕಾನ್ ಮಾರುಕಟ್ಟೆಗೆ ಬಂದ ಮೊದಲ ವರ್ಷದಿಂದಲೇ 270 ಕಿಲೋವ್ಯಾಟ್ ವೇಗದಲ್ಲಿ ಕುಡಿಯಬಲ್ಲದು. ಆದರೆ ಹಂಡೆ ಎಷ್ಟು ದೊಡ್ಡದಿದ್ದರೇನು, ನಲ್ಲಿ ಸಣ್ಣದಾದರೆ? ನೀರ್‌ದೋಸೆ ತಿಂದೆವು, ಕಾಫಿ ಕುಡಿದೆವು, ಮತ್ತೆ ಕಾಫಿ ಕುಡಿದೆವು. ಎರಡು ಗಂಟೆ ಹೋಯಿತು.

ರೇಸ್ ಟ್ರ್ಯಾಕ್‌ಗೆ ಒಯ್ಯುತ್ತೇನೆ ಅನ್ನುವವರಿಗೆ ಇನ್ನೂ ನೇರವಾದ ಲೆಕ್ಕವಿದೆ. ಜೋರಾಗಿ ಓಡಿಸುವಾಗ ಸರಾಸರಿ 200 ಕಿಲೋವ್ಯಾಟ್ ಎಳೆದರೆ 77 ಯೂನಿಟ್ ಖಾಲಿಯಾಗಲು 23 ನಿಮಿಷ. ಅದಕ್ಕೂ ಮೊದಲೇ ಬ್ಯಾಟರಿ ಬಿಸಿಯಾಗಿ ಕಾರು ತಾನಾಗಿಯೇ ಶಕ್ತಿ ಕಡಿತ ಮಾಡಬಹುದು. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಿ ಬರುವವರು ಈ ಲೆಕ್ಕ ಬರೆದಿಟ್ಟುಕೊಳ್ಳಲಿ.

ಸದ್ದಿನ ಮಾತು ಬಾಕಿ ಇದೆ. ಹ್ಯುಂಡೈ ಐಯಾನಿಕ್ 5 ಎನ್ ಎಂಬ ಬ್ಯಾಟರಿ ಕಾರು ಸ್ಪೀಕರ್‌ನಿಂದ ಎಂಜಿನ್ ಸದ್ದು ಮಾಡುತ್ತದೆ. ಇಲ್ಲದ ಗೇರ್ ಬದಲಾಯಿಸಿದ ಹಾಗೆ ಒಂದು ಜರ್ಕ್ ಕೂಡ ಕೊಡುತ್ತದೆ. ಇದನ್ನು ನಾಟಕ ಅಂತ ನಗುವವರಿದ್ದಾರೆ. ನಾನು ನಗುವುದಿಲ್ಲ. ತಂತಿ ಇಲ್ಲದೆ ಕರೆಂಟ್‌ನಿಂದ ಶ್ರುತಿ ಕೊಡುವ ಪೆಟ್ಟಿಗೆ ತಂಬೂರಿ ಬಂದಾಗಲೂ ಹಾಗೇ ನಕ್ಕಿರಬೇಕು. ಈಗ ಅದಿಲ್ಲದೆ ಎಷ್ಟು ಮನೆಯಲ್ಲಿ ಸಂಗೀತ ಪಾಠ ನಡೆಯುತ್ತದೆ? ಶ್ರುತಿ ಸಿಗುತ್ತದೆ. ತಂತಿಯ ನಡುಕ ಮಾತ್ರ ಬೆರಳಿಗೆ ಸಿಗುವುದಿಲ್ಲ. ಕಾರಿನಲ್ಲೂ ಅಷ್ಟೇ. ಎಂಜಿನ್ ಸದ್ದು ಬರೀ ಕಿವಿಗಲ್ಲ. ತಿರುವಿಗೆ ಎಷ್ಟು ವೇಗದಲ್ಲಿ ಬಂದೆ, ಯಾವ ಗೇರ್‌ನಲ್ಲಿದ್ದೇನೆ ಅಂತ ಮೀಟರ್ ನೋಡದೆ ಗೊತ್ತಾಗುವುದು ಅದರಿಂದ, ಸೀಟಿನ ಅಡಿಯ ನಡುಕದಿಂದ.

ಹಾಗಾದರೆ ಹೈಬ್ರಿಡ್? ಎಲ್ಲವೂ ಒಂದೇ ಅಲ್ಲ. ಬಿಎಂಡಬ್ಲ್ಯು ಐ8 ಒಳಗಿದ್ದದ್ದು 1.5 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್, ಅದರ ಜೊತೆ ಮೋಟಾರು. ಚೆಂದದ ಕಾರು, ಆದರೆ ನೋಟದಷ್ಟು ಜೋರಿಲ್ಲ. ಲ್ಯಾಂಬೊರ್ಗಿನಿ ರೆವುಯೆಲ್ಟೊದಲ್ಲಿ 12 ಸಿಲಿಂಡರ್ ಎಂಜಿನ್ ಮತ್ತು ಮೂರು ಮೋಟಾರು. ಬ್ಯಾಟರಿ 3.8 ಯೂನಿಟ್ ಮಾತ್ರ. ಪೆಟ್ರೋಲ್ ಇಲ್ಲದೆ ಓಡುವುದು ಸುಮಾರು ಹತ್ತು ಕಿಲೋಮೀಟರ್. 2023ರಲ್ಲಿ ಭಾರತಕ್ಕೆ ಬಂದಾಗ ಬೆಲೆ 8.89 ಕೋಟಿ. ಇಲ್ಲಿ ಹೈಬ್ರಿಡ್ ಇರುವುದು ಮೈಲೇಜ್‌ಗೆ ಅಲ್ಲ, ಹೊಗೆ ನಿಯಮ ದಾಟಿ ದೊಡ್ಡ ಎಂಜಿನ್ ಉಳಿಸಿಕೊಳ್ಳುವುದಕ್ಕೆ. ಫೆರಾರಿ ಎಸ್‌ಎಫ್90 ಇನ್ನೂ ತಮಾಷೆ. ಗೇರ್‌ಬಾಕ್ಸ್‌ನಲ್ಲಿ ರಿವರ್ಸ್ ಗೇರೇ ಇಲ್ಲ, ಹಿಂದೆ ಹೋಗುವುದು ಬರೀ ಕರೆಂಟ್‌ನಿಂದ. ತೂಕ ಉಳಿಸಲು ಒಂದು ಗೇರ್ ಕಿತ್ತೆಸೆದಿದ್ದಾರೆ. 25 ಕಿಲೋಮೀಟರ್ ಬ್ಯಾಟರಿಯಲ್ಲೇ ಓಡುತ್ತದೆ, ಆದ್ದರಿಂದ ಬೆಳಗಿನ ಜಾವ ಅಕ್ಕಪಕ್ಕದವರ ನಿದ್ದೆ ಕೆಡಿಸದೆ ಬೀದಿ ದಾಟಬಹುದು. 

ನನಗೆ ಮೆಚ್ಚುಗೆಯಾಗಿರುವುದು 2024ರ ಪೋರ್ಷೆ 911 ಜಿಟಿಎಸ್. 3.6 ಲೀಟರ್ ಎಂಜಿನ್, ಬರೀ 1.9 ಯೂನಿಟ್ ಬ್ಯಾಟರಿ. ಪ್ಲಗ್ ಇಲ್ಲ, ಚಾರ್ಜರ್ ಹುಡುಕುವ ಗೋಳಿಲ್ಲ, ಅಸೋಸಿಯೇಷನ್ ಮೀಟಿಂಗ್ ಇಲ್ಲ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಒಳಗೇ ಒಂದು ಪುಟ್ಟ ಮೋಟಾರು ಇಟ್ಟಿದ್ದಾರೆ. ಹೊಗೆಯ ಒತ್ತಡ ಏರುವವರೆಗೆ ಟರ್ಬೊ ಕಾಯಬೇಕಿಲ್ಲ, ಮೋಟಾರೇ ಅದನ್ನು ತಿರುಗಿಸಿ ಸಿದ್ಧ ಮಾಡಿಡುತ್ತದೆ. ಗೇರ್‌ಬಾಕ್ಸ್‌ನಲ್ಲಿ ಇನ್ನೊಂದು ಮೋಟಾರು. ಇಷ್ಟೆಲ್ಲ ಸೇರಿಸಿಯೂ ಹಳೆಯದಕ್ಕಿಂತ ಜಾಸ್ತಿಯಾದ ತೂಕ ಸುಮಾರು 50 ಕೆಜಿ. ಒಗ್ಗರಣೆಗೆ ಇಂಗು ಹಾಕಿದ ಹಾಗೆ. ಇಂಗು ಕಾಣಬಾರದು, ಆದರೆ ಇಲ್ಲದಿದ್ದರೆ ಗೊತ್ತಾಗಬೇಕು.

ಕೊಳ್ಳುವ ಶಕ್ತಿ ಇರುವವರು ನಿಜವಾಗಿಯೇ ಕೇಳಿದರೆ ನಾನು ಮೊದಲು ಕೇಳುವುದು ವಾರದಲ್ಲಿ ಯಾವ ದಿನ ಓಡಿಸುತ್ತೀರಿ ಅಂತ. ದಿನಾ ಆಫೀಸಿಗೆ, ಮನೆಯಲ್ಲಿ ಪಾಯಿಂಟ್ ಇದೆ, ಊರಿಗೆ ಹೋಗಲು ಇನ್ನೊಂದು ಕಾರಿದೆ ಅಂದರೆ ಬ್ಯಾಟರಿಯದನ್ನೇ ತಗೊಳ್ಳಿ, ಪಶ್ಚಾತ್ತಾಪವಿಲ್ಲ. ಮಾರುವಾಗ ಮಾತ್ರ ಬೆಲೆ ಬೇಗ ಇಳಿದಿರುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಟೈಕಾನ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ, ಬೇರೆ ಕಾರಾದರೆ ಕೊಳ್ಳುವ ಮೊದಲೇ ಕೇಳಿ ಬರೆಸಿಕೊಳ್ಳಿ. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ನಂದಿಬೆಟ್ಟದ ಕಡೆ ಹೋಗಿ, ತಿಂಡಿ ತಿಂದು, ಎಂಟೂವರೆಗೆ ವಾಪಸ್ ಬರುವವರಾದರೆ ಇನ್ನೂ ಸ್ವಲ್ಪ ವರ್ಷ ಎಂಜಿನ್ ಇರುವುದನ್ನೇ ಇಟ್ಟುಕೊಳ್ಳಿ, ಅದರ ಪಕ್ಕದಲ್ಲಿ ಮೋಟಾರು ಇರಲಿ, ಇಲ್ಲದಿರಲಿ.

ಹೋದ ತಿಂಗಳು ಗೃಹಪ್ರವೇಶವೊಂದರಲ್ಲಿ ಇದನ್ನೆಲ್ಲ ಕೇಳಿದ ಅಕ್ಕನ ಮಗ, "ಮಾಮ, ನಿನ್ನ ಹತ್ರ ಯಾವುದಿದೆ?" ಅಂದ. ಹದಿನಾಲ್ಕು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರ್, ತೂಕ ಒಂದು ಟನ್‌ಗಿಂತ ಕಮ್ಮಿ. ಸೈಲೆನ್ಸರ್ ತುಕ್ಕು ಹಿಡಿದಿದೆ, ಹಾಗಾಗಿ ಸದ್ದಿಗೇನೂ ಕೊರತೆಯಿಲ್ಲ.