‘ಏನೂ ಮಾಡಿಲ್ಲವೇ?’

“ನಾವು ಬರುತ್ತೇವೆಂದು ಮೊದಲೇ ಹೇಳಿದ್ದೆವಲ್ಲ, ಏನೂ ಮಾಡಿಲ್ಲವೇ?”

ಬುಧವಾರ ರಾತ್ರಿ ಧಾರವಾಡದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತ ನಾದಿನಿಯ ಮಾವ ತಟ್ಟೆ ನೋಡಿ ಆಡಿದ ಮಾತಿದು. ಅವರು ಕೆಟ್ಟವರಲ್ಲ. ಸೊಸೆಯನ್ನು ಮಗಳಂತೆ ನೋಡಿಕೊಳ್ಳುತ್ತಾರೆ. ಆದರೆ ಸಿಹಿಯಿಲ್ಲದ, ಕರಿದದ್ದಿಲ್ಲದ ಊಟ ಅವರ ಲೆಕ್ಕದಲ್ಲಿ ಊಟವೇ ಅಲ್ಲ.

ತಟ್ಟೆಯಲ್ಲಿ ಏನಿತ್ತು? ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಅನ್ನಕ್ಕೆ ಕಟ್ಟಿನ ಸಾರು. ಹಿಂದಿನ ದಿನ ಯುಗಾದಿ. ಹೋಳಿಗೆಯ ಹೂರಣಕ್ಕೆ ಬೇಯಿಸಿದ ಕಡಲೆಬೇಳೆಯ ನೀರನ್ನು ಬಸಿದು, ಕೊಬ್ಬರಿ, ಕೊತ್ತಂಬರಿ ಬೀಜ, ಚಕ್ಕೆ, ಲವಂಗ ಹುರಿದು ರುಬ್ಬಿ, ಹುಣಸೆಹುಳಿಯ ಜೊತೆ ಒಂದಿಷ್ಟು ಹೂರಣವನ್ನೂ ಕದಡಿ ಅತ್ತೆ ಕುದಿಸಿದ್ದ ಸಾರು. ಮರುದಿನ ಮತ್ತೊಮ್ಮೆ ಕುದಿಸಿದಾಗಲೇ ಅದಕ್ಕೆ ನಿಜವಾದ ರುಚಿ ಬರುವುದು.

ಏನೂ ಮಾಡಿಲ್ಲವೇ? ಅವರು ಹಾಗೆಂದಾಗ ಅತ್ತೆ ಒಲೆಯ ಮುಂದೆ ನಿಂತಿದ್ದರು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ, ಕೈ ಸುಡುತ್ತಿರುವಾಗಲೇ ನಾದಬೇಕು. ಇಲ್ಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಅತ್ತೆಯ ಅಂಗೈ ಬಡಿಯುತ್ತಿದ್ದಂತೆ ರೊಟ್ಟಿ ತಾನೇ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಮಗುಚಿ, ಉಬ್ಬಿದೊಡನೆ ಬಡಿಸಬೇಕು. ಹೋಳಿಗೆಯನ್ನು ಬೆಳಿಗ್ಗೆಯೇ ಮಾಡಿಟ್ಟು ಎಲ್ಲರ ಜೊತೆ ಉಣ್ಣಲು ಕುಳಿತುಕೊಳ್ಳಬಹುದು. ಬಿಸಿ ರೊಟ್ಟಿಯ ಊಟದಲ್ಲಿ ಮಾತ್ರ ಕೊನೆಯವರ ಕೈ ಒಣಗುವವರೆಗೆ ಒಬ್ಬರು ನಿಂತೇ ಇರಬೇಕು.

ಅತ್ತೆ ಉತ್ತರ ಕೊಡಲಿಲ್ಲ. “ಇದು ಬಿಸಿ ಇದೆ, ಹಾಕಲೇ ಬೀಗರೇ?” ಎಂದಷ್ಟೇ ಕೇಳಿದರು. ಅವರು ಹಾಕಿಸಿಕೊಂಡರು, ಮತ್ತೊಂದನ್ನೂ ಕೇಳಿ ಹಾಕಿಸಿಕೊಂಡರು. ಅವರ ಮೊಮ್ಮಗ ಝುಣಕದ ಕೆಂಪು ಕಂಡು ತಟ್ಟೆ ಸರಿಸಿದಾಗ, “ಬ್ಯಾಡಗಿ ಕಾಯಿ ಕಣೋ, ಬಣ್ಣ ಜಾಸ್ತಿ, ಖಾರ ಕಡಿಮೆ” ಎಂದು ಅವರೇ ತಿನ್ನಿಸಿದರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಾವೇರಿ ಸೀಮೆಯ ಆ ಕಾಯಿಯ ಗುಣ ಅವರಿಗೆ ಗೊತ್ತು. ಅದನ್ನು ಅಡುಗೆಗಿಳಿಸಿದ ಕೈಯ ಕೆಲಸ ಮಾತ್ರ ಕಣ್ಣಿಗೆ ಬೀಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಮ್ಮ ಕಡೆಯ ನಿತ್ಯದ ಅಡುಗೆ ಇಷ್ಟು ಹಗುರವಾದದ್ದು ಹೇಗೆ? ಕಚೇರಿಯಿಂದ ಬಂದವಳು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿ, ಕುದಿಯುವ ನೀರಿಗೆ ಗಂಟಾಗದಂತೆ ಕಡಲೆಹಿಟ್ಟು ಬಿಟ್ಟು ಝುಣಕ ಮಾಡಿದರೆ ಅದು ‘ಏನೂ ಮಾಡದಿರುವುದು’. ಅದೇ ಅಂಗಡಿಯ ಪೇಡೆ ತಂದು ತಟ್ಟೆಯಲ್ಲಿಟ್ಟರೆ ಉಪಚಾರ. ದಿನವೂ ನಾವು ಉಣ್ಣುವುದನ್ನೇ, ನಮ್ಮ ಕೈಲಾದಷ್ಟು ಚೆನ್ನಾಗಿ ಮಾಡಿ ಬಡಿಸಿದಾಗ ಬಂದವರನ್ನು ಮನೆಯವರೆಂದು ಎಣಿಸಿದ್ದೇವೆಂದೇ ಅರ್ಥ.

ಬೀಗರು ಭಾನುವಾರ ಮತ್ತೆ ಬರುತ್ತಾರೆ. ಪುಂಡಿಪಲ್ಲೆ, ಜೋಳದ ನುಚ್ಚು, ಮಜ್ಜಿಗೆ ಸಾಕು ಎಂದು ನಾನು ಹೇಳಿದೆ. ಅತ್ತೆ ಆಗಲೇ ಗೋಧಿ ಹುಗ್ಗಿಗೆ ಗೋಧಿ ತೆಗೆದಿಟ್ಟಿದ್ದಾರೆ. “ಅವರು ಅಂದದ್ದು ತಪ್ಪೇನಿಲ್ಲ, ಬೀಗರಿಗೆ ಒಂದು ಸಿಹಿ ಬೇಡವೇ?” ಎನ್ನುತ್ತಾರೆ. ನಾನು ಒಪ್ಪಿಲ್ಲ. ಹುಗ್ಗಿ ಮಾಡಲಿ, ಆದರೆ ಆ ದಿನ ಬೀಗರ ಪಕ್ಕದಲ್ಲಿ ಅತ್ತೆ ಊಟಕ್ಕೆ ಕೂಡಬೇಕು, ರೊಟ್ಟಿ ನಾನು ಬಡಿಯುತ್ತೇನೆ ಎಂದು ಹೇಳಿಯಾಗಿದೆ.